ಕಣ್ಣು ಮುಚ್ಚಿ ಹೇಳಿದ ಉತ್ತರ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಸಣ್ಣಿಯ ನಮಸ್ಕಾರ. ನಿನ್ನ ಎರಡು ಕಾಗದಗಳೂ ಬಂದು ಮೇಜಿನ ಖಾನೆ ಸೇರಿ ಮೂರು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ಆದರೆ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಇದನ್ನು ಪೂರ್ತಿ ಓದು. ನಾವಿಬ್ಬರೂ ಕ್ಷೇಮ ಎಂದು ಬರೆಯಲು ಹೊರಟರೆ ಪೆನ್ನು ಮುಂದೆ ಹೋಗುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ, ಕೆಲಸಕ್ಕೆ ಹೋಗಿ ಬರುತ್ತಿದ್ದೇವೆ, ಜ್ವರಗಿರ ಏನೂ ಇಲ್ಲ. ಅಷ್ಟನ್ನು ಕ್ಷೇಮ ಅನ್ನಬಹುದಾದರೆ ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ಬೇಡವೆಂದರೂ ನೀನು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತೀ ಎಂದು ಭಾವ ದೂರು ಹೇಳುತ್ತಿದ್ದರು.

ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ನಮ್ಮದು ಒಂದೂವರೆ ಕೋಣೆಯ ಮನೆ, ನಿನ್ನ ಸೊಸೆಯ ಹಾಗೆ ನಾನು ಪಿಸುಗುಟ್ಟಿ ಮಾತಾಡಿ ಕಲಿತವಳಲ್ಲ. ಚೂಟಿ ಮನೆಯಲ್ಲಿರುವಾಗ ಅವಳ ವಿಷಯ ಮಾತಾಡುವುದು ಹೇಗೆ? ಇವತ್ತು ಅವಳು ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ಹೋಗಿದ್ದಾಳೆ, ಮಧ್ಯಾಹ್ನದವರೆಗೆ ಬರುವುದಿಲ್ಲ.

ಪ್ರೋಗ್ರಾಮಿಂಗ್ ಕೆಲಸ ಹಿಡಿಯುತ್ತೇನೆ ಎಂದು ನನ್ನ ಮಗಳು ಓದಲು ಕೂತಿದ್ದು ನಿನಗೆ ಗೊತ್ತು. ಎಷ್ಟು ಓದಿದಳು ಎಂಬುದು ಗೊತ್ತಿರಲಾರದು. ಹದಿನಾಲ್ಕು ತಿಂಗಳು, ಅಕ್ಕಾ. ಬೆಳಿಗ್ಗೆ ಐದಕ್ಕೆ ಎದ್ದು ಒಂಬತ್ತರವರೆಗೆ, ಅಂಗಡಿಯಿಂದ ಬಂದ ಮೇಲೆ ಮತ್ತೆ ಎರಡು ಗಂಟೆ. ಯಾವ ತರಗತಿಗೂ ಸೇರಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಗ್ರಂಥಾಲಯದಿಂದ ತಂದ ದಪ್ಪನೆಯ ಪುಸ್ತಕ, ಇಂಟರ್ನೆಟ್ಟಿನಲ್ಲಿ ಸಿಗುವ ಪಾಠ, ಇನ್ಯಾರೋ ಬಳಸಿ ಬಿಟ್ಟ ಕಂಪ್ಯೂಟರು. ಅಂಗಡಿಯಲ್ಲಿ ಮಸಿ ಹರಡಿ ಹಾಳಾದ ಹಾಳೆಗಳನ್ನು ತಂದು ಅವುಗಳ ಬೆನ್ನಿಗೆ ಬರೆದು ಬರೆದು ಕಲಿಯುತ್ತಿದ್ದಳು. ಅಂಥ ಹಾಳೆಗಳನ್ನು ಹೊಲಿದು ನಾನೇ ಏಳು ಪುಸ್ತಕ ಮಾಡಿಕೊಟ್ಟಿದ್ದೇನೆ.

ನನ್ನ ಕೆಲಸ ಪ್ರಶ್ನೆ ಕೇಳುವುದು. ಸಣ್ಣ ಚೀಟಿಗಳ ಮೇಲೆ ಪ್ರಶ್ನೆ ಬರೆದು ನನ್ನ ಕೈಗೆ ಕೊಡುತ್ತಿದ್ದಳು. ಇಂಗ್ಲಿಷ್ ಶಬ್ದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿರುತ್ತಿದ್ದಳು, ನಾನು ತಡವರಿಸಬಾರದೆಂದು. ನಾನು ಕಣ್ಣು ಕೆಂಪಗೆ ಮಾಡಿಕೊಂಡು, "ಸ್ಟ್ಯಾಕ್ ಅಂದ್ರೇನು? ಉದಾಹರಣೆ ಕೊಡಿ," ಎಂದು ಗದರುತ್ತಿದ್ದೆ.

"ಅಮ್ಮ, ಇಷ್ಟು ಸಿಟ್ಟು ಮಾಡೋ ಸಾಹೇಬ್ರು ಎಲ್ಲೂ ಇರಲ್ಲ," ಎಂದು ನಗುತ್ತಿದ್ದಳು. ಆಮೇಲೆ ನನಗೇ ಪಾಠ. "ನಿಮ್ಮ ಆಸ್ಪತ್ರೇಲಿ ನೀನು ಒಗೆದ ಹೊದಿಕೆ ಮಡಿಸಿ ಒಂದರ ಮೇಲೊಂದು ಇಡ್ತೀಯಲ್ಲ? ಕೊನೇಲಿ ಇಟ್ಟಿದ್ದು ಮೊದಲು ಕೈಗೆ ಬರುತ್ತೆ. ಅದೇ ಸ್ಟ್ಯಾಕು."

"ಅಯ್ಯೋ, ಇಪ್ಪತ್ತು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ, ನನಗ್ಯಾರೂ ಇಂಜಿನಿಯರ್ ಅನ್ನಲಿಲ್ವಲ್ಲೇ!" ಅಂದೆ. ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅವಳ ಜೊತೆ ಕಾಲೇಜಿನಲ್ಲಿ ಓದಿದ ಗೆಳತಿಯೊಬ್ಬಳು ಬಂದಿದ್ದಳು. ಸಂದರ್ಶನ ನಡೆಯುವಾಗಲೇ ಕೇಳಿದ ಪ್ರಶ್ನೆಗೆ ಉತ್ತರ ಬರೆದು ತೋರಿಸುವ ಸಾಫ್ಟ್‌ವೇರ್ ಇದೆಯಂತೆ. ಎದುರಿನವರಿಗೆ ಅದು ಕಾಣುವುದಿಲ್ಲವಂತೆ. "ಎಲ್ಲರೂ ಮಾಡೋದು ಅದನ್ನೇ ಕಣೆ. ನೀನೊಬ್ಬಳು ಗಾಣದೆತ್ತಿನ ಹಾಗೆ ಓದ್ತಾ ಕೂತಿದ್ದೀಯ," ಅಂದಳು. ಚೂಟಿ, "ನಾಳೆ ಕೆಲಸಕ್ಕೆ ಕೂತಾಗ ನನಗೇನೂ ಬರದೇ ಇದ್ರೆ?" ಎಂದು ಕೇಳಿದಳು. ಗೆಳತಿ, "ಅದು ನಾಳೆ ಮಾತು," ಎಂದು ನಕ್ಕಳು. ಅವಳಿಗೆ ಎರಡನೇ ಸಂದರ್ಶನದಲ್ಲೇ ಕೆಲಸ ಸಿಕ್ಕಿತು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಈಗಿನ ಪರೀಕ್ಷೆ, ಸಂದರ್ಶನ ಎಲ್ಲ ಮನೆಯಲ್ಲೇ, ಕಂಪ್ಯೂಟರಿನ ಮುಂದೆ. ಅದರ ಕ್ಯಾಮೆರಾ ಅಭ್ಯರ್ಥಿಯ ಕಣ್ಣನ್ನೇ ಕಾಯುತ್ತಿರುತ್ತದೆ. ಕಣ್ಣು ಪರದೆ ಬಿಟ್ಟು ಆಚೆ ಸರಿದರೆ, ಪಕ್ಕದಲ್ಲಿ ಏನೋ ನೋಡಿ ಬರೆಯುತ್ತಿದ್ದಾರೆ ಎಂದು ಗುರುತು ಹಾಕಿಕೊಳ್ಳುತ್ತದೆ. ಚೂಟಿಯ ಎಡಗಣ್ಣು ನಿನಗೆ ಗೊತ್ತಲ್ಲ. ಬಲಗಣ್ಣು ನೆಟ್ಟಗೆ ನೋಡುತ್ತಿದ್ದರೆ ಎಡಗಣ್ಣು ತನ್ನ ಪಾಡಿಗೆ ಕಿಟಕಿಯ ಕಡೆ ಹೊರಟಿರುತ್ತದೆ. ಅವಳನ್ನು ಮೆಳ್ಳೆಗಣ್ಣಿ ಅಂದ ಹೆಂಗಸಿನ ಜೊತೆ ನೀನು ಬಸ್ಸಿನಲ್ಲೇ ಜಗಳಕ್ಕೆ ನಿಂತವಳು. ಯಂತ್ರದ ಜೊತೆ ಯಾರು ಜಗಳ ಮಾಡುವುದು?

ಮೊದಲ ಪರೀಕ್ಷೆಯಲ್ಲಿ ಎಲ್ಲ ಲೆಕ್ಕ ಸರಿಯಾಗಿತ್ತು. ಆದರೂ ತಿರಸ್ಕರಿಸಿದರು. "ನಿಮ್ಮ ನೋಟ ಮೂವತ್ತೇಳು ಬಾರಿ ಪರದೆಯಿಂದ ಹೊರಗೆ ಹೋಗಿದೆ" ಎಂದು ಬರೆದಿದ್ದರು. ಏನೋ ತಪ್ಪಾಗಿರಬೇಕು ಅಂದುಕೊಂಡಳು. ಎರಡನೆಯ ಕಡೆಯೂ ಹಾಗೇ ಆಯಿತು. ಮೂರನೆಯ ಕಡೆ ಪರೀಕ್ಷೆಯಾದ ಮೇಲೆ ಮನುಷ್ಯರೇ ಮಾತಾಡಿಸುತ್ತಾರೆ ಎಂದು ತಿಳಿದು ಅವಳಿಗೆ ಜೀವ ಬಂತು. "ಮನುಷ್ಯರಿಗಾದ್ರೆ ಹೇಳ್ಬಹುದಲ್ಲಮ್ಮ," ಅಂದಳು.

ಸಂದರ್ಶನದ ದಿನ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ, ಕೋಣೆಯಲ್ಲಿ ಇನ್ನೊಬ್ಬರು ಇರಬಾರದೆಂದು. ಬಾಗಿಲು ತೆಳ್ಳಗಿದೆ, ಎಲ್ಲ ಕೇಳಿಸುತ್ತದೆ. ಮೊದಲೆರಡು ಪ್ರಶ್ನೆಗೆ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟಳು. ಆಮೇಲೆ ಆ ಮನುಷ್ಯ, "ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?" ಎಂದು ಕೇಳಿದ.

"ಯಾರೂ ಇಲ್ಲ ಸರ್. ನನ್ನ ಎಡಗಣ್ಣು ಹುಟ್ಟಿದಾಗಿಂದ ಹೀಗೇ. ನಾನು ನೋಡ್ತಿರೋದು ನಿಮ್ಮನ್ನೇ."

ಕಂಪ್ಯೂಟರನ್ನು ಸುತ್ತ ತಿರುಗಿಸಿ ಕೋಣೆ ತೋರಿಸಿ ಅಂದ. ತೋರಿಸಿದಳು. ಒಲೆ, ಹಗ್ಗದ ಮೇಲೆ ಒಣಹಾಕಿದ ನನ್ನ ಬಟ್ಟೆ, ಸುತ್ತಿಟ್ಟ ಹಾಸಿಗೆ, ಎಲ್ಲ ನೋಡಿರಬೇಕು. ಅಷ್ಟಾದರೂ ಸಮಾಧಾನವಾಗಲಿಲ್ಲ. "ತಪ್ಪು ತಿಳ್ಕೋಬೇಡಿ. ಮುಂದಿನ ಪ್ರಶ್ನೆಗೆ ಕಣ್ಣು ಮುಚ್ಕೊಂಡು ಉತ್ತರ ಹೇಳ್ತೀರಾ?" ಅಂದ.

ಒಳಗೆ ಹೋಗಿ ಅವನ ಮುಖಕ್ಕೆ ಕಂಪ್ಯೂಟರ್ ಮುಚ್ಚಿಬಿಡಬೇಕು ಅನ್ನಿಸಿತು, ಅಕ್ಕಾ. ಆದರೆ ನಾನು ಬಾಗಿಲು ತೆರೆದರೆ ಅಲ್ಲಿಗೆ ಅವಳ ಕತೆ ಮುಗಿಯುತ್ತಿತ್ತು. ಮೆಟ್ಟಿಲಿನ ಅಂಚು ಹಿಡಿದುಕೊಂಡು ಕೂತೆ.

ಪ್ರಶ್ನೆ ಇಷ್ಟು: ಒಂದು ಉದ್ದನೆಯ ಪದ ಕೊಟ್ಟರೆ ಅದರಲ್ಲಿ ಒಂದೇ ಸಲ ಬಂದಿರುವ ಮೊದಲ ಅಕ್ಷರವನ್ನು ಹುಡುಕುವುದು ಹೇಗೆ? ಇದು ನನಗೂ ಬರುತ್ತಿತ್ತು! ಚೀಟಿಯಲ್ಲಿ ಎಷ್ಟು ಸಲ ಕೇಳಿದ್ದೆನೋ. ಮೊದಲ ಸುತ್ತಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬಂತೆಂದು ಎಣಿಸಿಕೊಳ್ಳಬೇಕು. ಎರಡನೆಯ ಸುತ್ತಿನಲ್ಲಿ ಮೊದಲಿನಿಂದ ನೋಡುತ್ತ ಬಂದು, ಎಣಿಕೆ ಒಂದೇ ಇರುವ ಅಕ್ಷರ ಸಿಕ್ಕ ಕೂಡಲೇ ನಿಲ್ಲಬೇಕು. ಚೂಟಿ ಒಂದು ಮಾತೂ ತಪ್ಪದೆ ಹೇಳಿದಳು. ಯಾಕೆ ಎರಡು ಸುತ್ತು ಬೇಕು, ಒಂದೇ ಸುತ್ತಿನಲ್ಲಿ ಮಾಡಹೊರಟರೆ ಎಲ್ಲಿ ಎಡವುತ್ತೇವೆ ಎಂಬುದನ್ನೂ ಹೇಳಿದಳು.

"ಈ ಪ್ರಶ್ನೆ ಮೊದಲೇ ನೋಡಿದ್ರಾ?" ಎಂದು ಕೇಳಿದ.

ಇಲ್ಲ ಅನ್ನಬಹುದಿತ್ತು. "ನಾಲ್ಕೈದು ಸಲ ಮಾಡಿದ್ದೀನಿ ಸರ್. ಮೊದಲ ಸಲ ತಪ್ಪಾಗಿತ್ತು," ಅಂದಳು.

"ಚೆನ್ನಾಗಿ ಹೇಳಿದ್ರಿ," ಅಂದ ಆತ. ಕೊನೆಗೆ ದನಿ ತಗ್ಗಿಸಿ, "ನನಗೆ ನಿಮ್ಮ ಮೇಲೆ ನಂಬಿಕೆ ಬಂದಿದೆ. ಆದ್ರೆ ಯಂತ್ರದ ವರದಿ ನೇರವಾಗಿ ಮೇಲಕ್ಕೆ ಹೋಗುತ್ತೆ, ಅದನ್ನ ಅಳಿಸೋಕೆ ನನ್ನ ಕೈಲಾಗಲ್ಲ. ಕಣ್ಣಿನ ಡಾಕ್ಟರ ಸರ್ಟಿಫಿಕೇಟು ಕಳಿಸಿ ನೋಡಿ," ಅಂದ. ಕೆಟ್ಟ ಮನುಷ್ಯನಲ್ಲ. ಅದೇ ಕಷ್ಟ ನೋಡು, ಬೈಯೋಣವೆಂದರೂ ಯಾರೂ ಸಿಗುವುದಿಲ್ಲ.

ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಸರ್ಟಿಫಿಕೇಟು ಬರೆಸಿ ಕಳಿಸಿದ್ದೇವೆ. ಇಪ್ಪತ್ತು ದಿನ ಆಯಿತು. ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು ಕೇಳುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಜೂನ್ ೧೮, ಗುರುವಾರ

ಮತ್ತೆ ಕೂತಿದ್ದೇನೆ. ಸೋಮವಾರ ಉತ್ತರ ಬಂತು. ಸರ್ಟಿಫಿಕೇಟು ತಲುಪಿದೆಯಂತೆ, ನಮಗಾದ ತೊಂದರೆಗೆ ವಿಷಾದವಂತೆ, ಆ ಜಾಗ ಭರ್ತಿಯಾಗಿದೆಯಂತೆ. ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದಂತೆ, ಪರೀಕ್ಷೆಯ ಕ್ರಮ ಮಾತ್ರ ಇದೇ ಇರುತ್ತದಂತೆ.

ಚೂಟಿ ಅಳಲಿಲ್ಲ. ಓದಿ, ಕಂಪ್ಯೂಟರ್ ಮುಚ್ಚಿ, ಪಾತ್ರೆ ತೊಳೆದಳು. ತೊಳೆದಿಟ್ಟಿದ್ದನ್ನೇ ಮತ್ತೊಂದು ಸಲ ತೊಳೆದಳು.

ನನಗೆ ತಡೆಯಲಾಗಲಿಲ್ಲ. ಮಂಗಳವಾರ ರಜೆ ಹಾಕಿ, ಅವಳಿಗೆ ಹೇಳದೆ ಆ ಕಂಪನಿಯ ಕಚೇರಿಗೆ ಹೋದೆ. ಏಳು ಪುಸ್ತಕಗಳನ್ನೂ ಚೀಲಕ್ಕೆ ತುಂಬಿಕೊಂಡಿದ್ದೆ. ಇದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ ಅಂದುಕೊಂಡಿದ್ದೆ, ಅಕ್ಕಾ. ಹೊಡೆದುಹಾಕಿದ್ದು, ತಿದ್ದಿದ್ದು, ಪಕ್ಕದಲ್ಲಿ "ಥೂ, ಮತ್ತೆ ಅದೇ ತಪ್ಪು" ಎಂದು ತನಗೆ ತಾನೇ ಬೈದುಕೊಂಡದ್ದು, ಎಲ್ಲ ಅದರಲ್ಲಿದೆ. ಕಳ್ಳರು ಹಾಗೆ ತಿದ್ದುತ್ತಾರೆಯೇ?

ಗಾಜಿನ ಬಾಗಿಲು, ಉದ್ದನೆಯ ಮೇಜು, ಅದರ ಹಿಂದೆ ಚೂಟಿಯ ವಯಸ್ಸಿನದೇ ಒಂದು ಹುಡುಗಿ. ನನ್ನನ್ನು ಕೂರಿಸಿ ನೀರು ಕೊಟ್ಟಳು. ಎಲ್ಲ ಕೇಳಿಸಿಕೊಂಡಳು. ಒಂದು ಪುಸ್ತಕ ತೆರೆದು ನಾಲ್ಕು ಹಾಳೆ ತಿರುಗಿಸಿದಳು ಕೂಡ.

"ಆಂಟಿ, ಆ ಪರೀಕ್ಷೆ ನಡೆಸೋದು ನಾವಲ್ಲ, ಬೇರೆ ಕಂಪನಿಯವರು. ಅವರು ಎಲ್ಲಿ ಕೂತಿರ್ತಾರೋ ನನಗೂ ಗೊತ್ತಿಲ್ಲ. ಈ ವಿಳಾಸಕ್ಕೆ ಮೇಲ್ ಮಾಡಿ," ಎಂದು ಚೀಟಿ ಬರೆದುಕೊಟ್ಟಳು.

"ಇದಕ್ಕೇ ಮಾಡಿದ್ವಿ ಕಣಮ್ಮ," ಅಂದೆ. ಅವಳು ತಲೆ ತಗ್ಗಿಸಿ, "ನನಗೆ ಇರೋದೂ ಅದೊಂದೇ ವಿಳಾಸ," ಅಂದಳು.

ಪುಸ್ತಕಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಬಂದೆ. ಹೋಗುವಾಗ ಅಷ್ಟು ಭಾರ ಅನ್ನಿಸಿರಲಿಲ್ಲ. ಚೂಟಿ ಮನೆಯಲ್ಲೇ ಇದ್ದಳು. ಚೀಲ ನೋಡಿದಳು, ನನ್ನ ಮುಖ ನೋಡಿದಳು. "ಯಾಕಮ್ಮ ಹೋದೆ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆಯಿಂದ ಹೊಸ ಓದು ಶುರುವಾಗಿದೆ. ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಗದ್ದ ತಗ್ಗಿಸಿ ಕೂತರೆ ಎಡಗಣ್ಣು ಅಷ್ಟು ಆಚೆ ಹೋದಂತೆ ಕಾಣುವುದಿಲ್ಲವಂತೆ. ಕ್ಯಾಮೆರಾದ ಪಕ್ಕದಲ್ಲಿ ಒಂದು ಚುಕ್ಕೆ ಅಂಟಿಸಿಕೊಂಡು, ಕತ್ತು ಹಾಗೇ ಬಿಗಿಹಿಡಿದು, ಅರ್ಧ ಗಂಟೆ ಅಲ್ಲಾಡದೆ ಕೂರುತ್ತಾಳೆ. ಈಗ ನನ್ನ ಕೈಯಲ್ಲಿ ಚೀಟಿಗಳಿಲ್ಲ. ಎದುರು ಕೂತು ಅವಳ ಕಣ್ಣು ನೋಡುವುದೇ ನನ್ನ ಕೆಲಸ.

"ಈಗ ಸರಿ ಇದೆಯಾ ಅಮ್ಮ?"

"ಸರಿ ಇದೆ."

"ಈಗ?"

"ಈಗಲೂ ಸರಿ ಇದೆ."

ಸರಿ ಇರುವುದಿಲ್ಲ, ಅಕ್ಕಾ. ಎರಡು ನಿಮಿಷಕ್ಕೆ ಸರಿದುಹೋಗುತ್ತದೆ. ನಾನು ಹಾಗೆ ಹೇಳಿದರೆ ಇನ್ನಷ್ಟು ಕತ್ತು ತಿರುಗಿಸುತ್ತಾಳೆ. ಬೆಳಿಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡೇ ಎದ್ದಳು. ಏನು ಮಾಡಲಿ ಹೇಳು.

ನಿನ್ನ ಮೊಮ್ಮಗಳು ನಡೆಯಲು ಕಲಿತಳಂತೆ, ಅವಳಿಗೆ ನನ್ನ ಆಶೀರ್ವಾದ. ಭಾವನಿಗೆ ನಮಸ್ಕಾರ ಹೇಳು. ಚೂಟಿಗೆ ನಿನ್ನ ಹಾರೈಕೆ ಸದಾ ಇರಲಿ, ದೊಡ್ಡವಳು ನೀನು, ನಿನ್ನ ಬಾಯಿಂದ ಬಂದ ಒಳ್ಳೆಯ ಮಾತಿಗೆ ಬೆಲೆ ಇರುತ್ತದೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ,
ಸಣ್ಣಿ

ತಾ.ಕ.: ಸಹಿ ಹಾಕಿ ಮಡಿಸಿಟ್ಟಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಮುಂದಿನ ವಾರ ಚೂಟಿ ನಿನ್ನ ಮನೆಗೆ ಬರುತ್ತಾಳೆ, ನಾಲ್ಕು ದಿನ ಇದ್ದು ಬಾ ಎಂದು ನಾನೇ ಹೇಳಿದ್ದೇನೆ. ಅದಕ್ಕೆ ಮೊದಲು ಇದು ನಿನಗೆ ಗೊತ್ತಾಗಬೇಕು.

ಸರ್ಟಿಫಿಕೇಟು ಬರೆಯುವಾಗ ಡಾಕ್ಟರು, "ಚಿಕ್ಕಂದಿನಲ್ಲಿ ತೋರಿಸಿರಲಿಲ್ವಾ? ಆಗಲೇ ಬಂದಿದ್ರೆ ಈ ಕಣ್ಣಿಗೆ ದೃಷ್ಟಿನೂ ಬರ್ತಿತ್ತು, ನೆಟ್ಟಗೂ ನಿಲ್ತಿತ್ತು. ಈಗ ಆಪರೇಷನ್ ಮಾಡಿದ್ರೂ ಮತ್ತೆ ಸರಿದುಬಿಡಬಹುದು," ಅಂದರು. ಚೂಟಿ ನನ್ನ ಕಡೆ ತಿರುಗಿದಳು. ನಾನು, "ಇಲ್ಲ ಡಾಕ್ಟ್ರೇ, ನಮಗೆ ಯಾರೂ ಹೇಳಲಿಲ್ಲ," ಅಂದೆ. ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡು, "ನಿನಗೆ ಹೇಗೆ ಗೊತ್ತಾಗಬೇಕಿತ್ತು, ಬಿಡಮ್ಮ," ಅಂದಳು.

ಅವಳಿಗೆ ನಾಲ್ಕು ವರ್ಷ ಇದ್ದಾಗ ನಮ್ಮಿಬ್ಬರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನೀನು. ಚೆನ್ನಾಗಿರುವ ಕಣ್ಣಿಗೆ ದಿನವೂ ಪಟ್ಟಿ ಅಂಟಿಸಿ, ಸೋಮಾರಿ ಕಣ್ಣು ತಾನಾಗಿ ಕೆಲಸ ಕಲಿಯುತ್ತದೆ, ಆರು ತಿಂಗಳು ಬಿಡಬೇಡಿ ಎಂದು ಅವರು ಎರಡೆರಡು ಸಲ ಹೇಳಿದ್ದರು. ಅವಳಪ್ಪ ತೀರಿಕೊಂಡ ವರ್ಷ ಅದು. ಪಟ್ಟಿ ಅಂಟಿಸಿದರೆ ಮಗು ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು, "ಅಮ್ಮ, ನೀನು ಕಾಣ್ತಿಲ್ಲ," ಎಂದು ಗೋಡೆ ತಡವುತ್ತಿತ್ತು. ನಾನು ಕೆಲಸಕ್ಕೆ ಓಡಬೇಕಿತ್ತು. ಒಂದು ಬೆಳಿಗ್ಗೆ ಕಿತ್ತು ಬಿಸಾಕಿದೆ. ಅವಳು ನಕ್ಕುಬಿಟ್ಟಳು, ನನಗೆ ಅಷ್ಟೇ ಸಾಕಾಗಿತ್ತು.

ಪ್ರತಿ ಕಾಗದದಲ್ಲೂ ನೀನು ಪಟ್ಟಿಯ ವಿಷಯ ಕೇಳುತ್ತಿದ್ದೆ. ಹಾಕುತ್ತಿದ್ದೇನೆ, ಹಾಕುತ್ತಿದ್ದೇನೆ ಎಂದು ಆರು ತಿಂಗಳೂ ಬರೆದೆ. ನಾನು ಹಾಕಿದ್ದು ಹನ್ನೊಂದು ದಿನ, ಅಕ್ಕಾ. ಚೂಟಿ ನಿನ್ನನ್ನು ಕೇಳಿದರೆ ಏನು ಹೇಳಬೇಕೆಂದು ಬರೆಯಲು ಈ ಕಾಗದ ಬಿಚ್ಚಿದೆ. ಅದನ್ನು ಬರೆಯಲು ಆಗುತ್ತಿಲ್ಲ.