ಒಂದು ಕಾಫಿ ಮುಗಿಯುವವರೆಗಿನ ನೊರೆ

ಅಂಕೋನಾ
ನವೆಂಬರ್ 14

ಸೆತ್ತಿಮಿಯೊ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಕಾಗದವನ್ನು ಬೆಳಕಿಗೆ ಹಿಡಿದರೆ ನಿನಗೆ ಕಾಣಿಸೀತು, ಕಾಣಿಸಲಿ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಕೆಳಗಿಡುತ್ತೀಯ. ಕಾಗದವನ್ನು ಹಾಗೆ ಮಾಡಲಾಗದು. ಹರಿಯುವ ಮೊದಲು ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದೆ. ಆ ಸಾಲು ಇದು: ನಿನ್ನ ಸೋಪಿಗೆ ನೂರಕ್ಕೆ ನಲವತ್ತೊಂಬತ್ತು ಅಂಕ. ನಾಲ್ಕು ಸೋಪುಗಳಲ್ಲಿ ನಾಲ್ಕನೆಯ ಸ್ಥಾನ.

ಕ್ಷೌರಿಕರ ಸಹಕಾರಿ ಸಂಘದ ಮುದ್ರೆಯೊತ್ತಿದ ಪತ್ರ ಇನ್ನೆರಡು ದಿನದಲ್ಲಿ ಬರುತ್ತದೆ. ಅದಕ್ಕೆ ಮೊದಲು ನನ್ನಿಂದಲೇ ನಿನಗೆ ಗೊತ್ತಾಗಬೇಕಿತ್ತು. ಅಷ್ಟು ಸುಖವನ್ನು ಅಂಚೆಯವನಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಗೆದ್ದ ಸೋಪಿಗೆ ಸಂಘದ ಇನ್ನೂರ ಹನ್ನೆರಡು ಕ್ಷೌರದಂಗಡಿಗಳಿಂದ ಒಂದು ವರ್ಷದ ಆರ್ಡರು. ನೀನು ಅದನ್ನೇ ನಂಬಿ ಯೇಜಿ ರಸ್ತೆಯಲ್ಲಿ ದೊಡ್ಡ ಶೆಡ್ಡು ಹಿಡಿದೆ, ಎರಡು ಹೊಸ ಕಡಾಯಿ ತರಿಸಿದೆ ಎಂದು ಊರಿಗೆಲ್ಲ ಗೊತ್ತು. ನಿನ್ನ ಮಾರಿಲೇನಾ ಲೇಬಲ್ಲುಗಳನ್ನೂ ಅಚ್ಚು ಹಾಕಿಸಿಬಿಟ್ಟಿದ್ದಾಳೆ. ಒಂದನ್ನು ಯಾರೋ ತಂದು ತೋರಿಸಿದರು: ‘ಮಾರ್ಕೆ ಪ್ರಾಂತದ ಕ್ಷೌರಿಕರ ಆಯ್ಕೆ’, ಚಿನ್ನದ ಅಕ್ಷರಗಳಲ್ಲಿ. ಅಕ್ಷರ ಚೆನ್ನಾಗಿದೆ. ನನ್ನನ್ನು ಬಿಟ್ಟು ನೀನು ಹೋದದ್ದು ಅಕ್ಷರ ಚೆನ್ನಾಗಿ ಬರೆಯುವವಳ ಕಡೆಗೆ ಎಂಬುದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

‘ಈ ನಜ್ಜರೇನಾಳ ಕೈಗೆ ಪರೀಕ್ಷೆ ಕೊಟ್ಟವರು ಯಾರು’ ಎಂದು ನೀನು ನನ್ನ ಹೆಸರು ಹಿಡಿದು ಕೂಗಾಡುತ್ತೀಯ. ಕ್ವಿಂತೊ ಕೊಟ್ಟ. ಎಪ್ಪತ್ತೆಂಟು ವರ್ಷದ ಆ ಮುದುಕ ನನಗೆ ಕತ್ತಿ ಹಿಡಿಯಲು ಕಲಿಸಿದ ಗುರು. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಕೂದಲು ಗುಡಿಸುತ್ತಿದ್ದದ್ದು ಅವನ ಅಂಗಡಿಯಲ್ಲೇ. ಸಂಘದ ಸಭೆಯಲ್ಲಿ ಅವನು ಎದ್ದು ನಿಂತು, “ದಿನಕ್ಕೆ ಇಪ್ಪತ್ತು ಗಡ್ಡ ಮಾಡೋ ಕೈ ಇವಳದ್ದು. ಸೋಪು ಕಾಯಿಸಿಯೂ ಗೊತ್ತು. ಇವಳನ್ನ ಬಿಟ್ಟು ಇನ್ಯಾರನ್ನ ಕರೀತೀರೋ, ಪಾದ್ರಿಗಳನ್ನಾ?” ಅಂದ. ಎಲ್ಲರೂ ಕೈ ಎತ್ತಿದರು. ಮೂರು ವರ್ಷದ ಹಿಂದೆ ಇದೇ ಸಂಘದ ಊಟದಲ್ಲಿ, ಅರವತ್ತು ಜನರ ಮುಂದೆ, ವೈನಿನ ಲೋಟ ಎತ್ತಿ ನೀನು ಹೇಳಿದ್ದೆ: “ಗಡ್ಡ ಇಲ್ದೋಳಿಗೆ ಸೋಪಿನ ವಿಷಯ ಏನು ಗೊತ್ತು? ಇವಳು ಅಂಗಡಿ ನಡೆಸ್ತಿರೋದು ಬರೀ ಬಾಯಿಂದ.” ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ತಟ್ಟೆಯಲ್ಲಿದ್ದ ಮೀನು ಮುಗಿಸಿದೆ. ಮರುವಾರ ನೀನು, ನಾವಿಬ್ಬರೂ ಸೇರಿ ಸೋಪು ಮಾಡುತ್ತಿದ್ದ ಕಡಾಯಿ, ಅಚ್ಚು, ಸೋಪಿನ ಹೆಸರು ಎಲ್ಲ ತೆಗೆದುಕೊಂಡು ಹೋದೆ.

ಪರೀಕ್ಷೆ ಹೇಗೆ ನಡೆಯಿತೆಂದು ಹೇಳುತ್ತೇನೆ, ಆಮೇಲೆ ಮೋಸ ಅನ್ನಬೇಡ. ಬಂದರಿನಲ್ಲಿ ಮೀನು ಮಾರುವ ನಾಲ್ವರು ಬಾರ್ತೊಲಿನಿ ಅಣ್ಣತಮ್ಮಂದಿರನ್ನು ಕರೆಸಿದೆ. ಒಂದೇ ತಾಯಿಯ ಮಕ್ಕಳು, ಒಂದೇ ತಂತಿಯಂಥ ಗಡ್ಡ, ನಾಲ್ವರದ್ದೂ ಮೂರು ದಿನದ ಬೆಳೆ. ಒಬ್ಬೊಬ್ಬನಿಗೆ ಒಂದೊಂದು ಸೋಪು. ನೀರು ಒಂದೇ ನಲ್ಲಿಯದು, ಬ್ರಷ್ಷು ನಾಲ್ಕೂ ಹೊಸದು. ಸಂಘದವರು ಸೋಪುಗಳನ್ನು ಒಂದೇ ಥರದ ಡಬ್ಬಿಗಳಿಗೆ ಹಾಕಿ ಕಳಿಸಿದ್ದರು, ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಅಂಕ ಹಾಕಿದವರು ಕ್ವಿಂತೊ ಮತ್ತು ಫಾನೊದಿಂದ ಬಂದ ಎವಾಂದ್ರೊ. ನೊರೆ ಎಬ್ಬಿಸಿ ಕತ್ತಿ ಹಿಡಿದವಳು ನಾನು.

ಸುವಾಸನೆಗೆ ಇಪ್ಪತ್ತು ಅಂಕ. ಮಾಚೆರಾತಾದ ಔಷಧಿ ಅಂಗಡಿಯವನ ಸೋಪು ನೆಗಡಿಯ ಮುಲಾಮಿನಂತಿತ್ತು. ಉರ್ಬೀನೊದ ಅಕ್ಕತಂಗಿಯರದ್ದು ಅಜ್ಜಿಯ ಬಟ್ಟೆ ಬೀರು. ಸೆನಿಗಾಲ್ಯಾದ ನಿವೃತ್ತ ಮೇಷ್ಟ್ರು ಕುರಿಕೊಬ್ಬಿನಲ್ಲಿ ಮಾಡಿದ್ದರ ಮುಚ್ಚಳ ತೆಗೆದಾಗ ಎವಾಂದ್ರೊ ಹಿಂದೆ ಸರಿದು, “ಏನಮ್ಮಾ ಇದು, ಸೋಪೋ ಕುರಿಹಟ್ಟಿಯೋ?” ಅಂದ. ಕುರ್ಚಿಯಲ್ಲಿದ್ದ ಹಿರಿಯ ಬಾರ್ತೊಲಿನಿ, “ಹಚ್ಚು ಹಚ್ಚು, ದಿನಾ ಮೀನು ನಾರ್ತೀನಿ, ಇವತ್ತು ಹೆಂಡ್ತಿಗೂ ಒಂದು ಬದಲಾವಣೆ ಸಿಗ್ಲಿ” ಅಂದ. ಆಮೇಲೆ ಮೂರನೇ ಡಬ್ಬಿ ತೆರೆದೆ. ಕಹಿ ಬಾದಾಮಿ, ಅಂಜೂರದ ಎಲೆ, ಕೊನೆಯಲ್ಲಿ ಚೂರು ಸೋಂಪು. ಹೆಸರು ನೋಡಬೇಕಾಗಿರಲಿಲ್ಲ. ಅದು ನಮ್ಮ ಅಡುಗೆಮನೆಯ ಕಿಟಕಿಯಾಚೆ ಇದ್ದ ಅಂಜೂರದ ಮರ. ಒಂದು ಆಗಸ್ಟಿನಲ್ಲಿ ಅದರ ಎಲೆ ಮುರಿದು ನಿನ್ನ ಮೂಗಿಗೆ ಹಿಡಿದವಳು ನಾನು. ಇಬ್ಬರೂ ಪೂರ್ತಿ ಇಪ್ಪತ್ತು ಕೊಟ್ಟರು. ನಾನು ಮುಚ್ಚಳ ಹಾಕಿ ಬ್ರಷ್ಷು ನೆನೆಸಿದೆ.

ಬೆಲೆಗೆ ಮೂವತ್ತು. ಎಲ್ಲವೂ ನೂರೈವತ್ತು ಗ್ರಾಮು, ಒಂದು ಗಡ್ಡಕ್ಕೆ ಒಂದೂವರೆ ಗ್ರಾಮು ಹಿಡಿದರೆ ನೂರು ಗಡ್ಡ. ಮೇಷ್ಟ್ರದ್ದು ಒಂಬತ್ತು ಯೂರೊ, ಗಡ್ಡಕ್ಕೆ ಒಂಬತ್ತು ಸೆಂಟು. ನಿನ್ನದು ಇಪ್ಪತ್ತನಾಲ್ಕು. ನೀನು ಅದನ್ನು ಮಾರುವುದೇ ಆಲಿವ್ ಮರದ ಡಬ್ಬಿಯಲ್ಲಿ, ಜೊತೆಗೆ ರೇಷ್ಮೆ ದಾರ, ನಿನ್ನ ಅಜ್ಜನ ಫೋಟೊ ಇರುವ ಚೀಟಿ. ನಿನ್ನ ಅಜ್ಜ ರೈಲ್ವೆಯಲ್ಲಿ ಕಂದೀಲು ಒರೆಸುತ್ತಿದ್ದವನು, ಸೋಪು ಮಾಡಿದ್ದನ್ನು ಯಾರೂ ಕಂಡಿಲ್ಲ. ಮೇಷ್ಟ್ರಿಗೆ ಇಪ್ಪತ್ತೇಳು ಅಂಕ, ನಿನಗೆ ಹನ್ನೆರಡು.

ಉಳಿದ ಐವತ್ತು ನೊರೆಗೆ. ನೀನು ಸೋತದ್ದು ಇಲ್ಲಿ, ಸೋಲುತ್ತೀಯೆಂದು ನನಗೆ ಮೊದಲೇ ಗೊತ್ತಿತ್ತು. ನೀನು ನಿನ್ನ ಸೋಪನ್ನು ಪರೀಕ್ಷಿಸುವುದು ನಿನ್ನ ಬಚ್ಚಲಲ್ಲಿ, ಒಬ್ಬನೇ, ಬಾಯಿ ಬಿಗಿದು. ನಾಲ್ಕೇ ನಿಮಿಷದಲ್ಲಿ ಗಡ್ಡ ಮುಗಿಸುವವನು ನೀನು. ನಮ್ಮ ಅಂಗಡಿಗಳಲ್ಲಿ ಹಾಗೆ ನಡೆಯುತ್ತದೆಯೇ? ಗಿರಾಕಿಯ ಮುಖಕ್ಕೆ ನೊರೆ ಹಚ್ಚುತ್ತೇವೆ, ಅಷ್ಟರಲ್ಲಿ ಎದುರಿನಿಂದ ಕಾಫಿ ಬರುತ್ತದೆ. ಕಾಫಿ ಕುಡಿಯುತ್ತ ಶುರುವಾದ ಮಾತು ಮುಗಿಯಬೇಕು, ಆಮೇಲೆ ಕತ್ತಿ. ಅಲ್ಲಿಯವರೆಗೂ ನೊರೆ ಕೆನ್ನೆಯ ಮೇಲೆ ಕಾಯಬೇಕು. ಹದಿನಾಲ್ಕು ವರ್ಷ ನಾನು ಇದನ್ನು ನಿನಗೆ ಹೇಳಿದೆ. ನೀನು ಅದನ್ನು ಹರಟೆ ಅಂದೆ.

ಆದ್ದರಿಂದ ನಾನು ಇಟ್ಟ ನಿಯಮ ಒಂದೇ: ಒಂದು ಕಾಫಿ, ಒಂದು ಕತೆ. ಎಲ್ಲರಿಗೂ ಒಂದೇ ಅಳತೆ. ಮೊದಲನೆಯವನ ಮುಂದೆ ದೋಣಿ ತಪ್ಪಿಸಿಕೊಂಡ ಕಪ್ತಾನನ ಕತೆ, ಎರಡನೆಯವನಿಗೆ ಚಿಪ್ಪುಮೀನಿನ ಜಗಳ, ನಾಲ್ಕನೆಯವನಿಗೆ ಭಾನುವಾರದ ಪಂದ್ಯದ ರೆಫರಿ. ಮೂರನೆಯವನಿಗೂ ಯಾವುದೋ ಒಂದು ಹಳೆಯ ಕತೆ ಹೇಳಿದೆ. ಅವನ ಕೆನ್ನೆಯ ಮೇಲೆ ನಿನ್ನ ನೊರೆ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಎತ್ತರಕ್ಕೆ ಎದ್ದಿತು, ಸುಳ್ಳು ಹೇಳುವುದಿಲ್ಲ. ಆದರೆ ಕತೆ ಮುಗಿಯುವ ಹೊತ್ತಿಗೆ ಕುಸಿದು ನೀರಾಗಿ ಅವನ ಕೊರಳಪಟ್ಟಿಗೆ ಇಳಿದಿತ್ತು. ಮೇಷ್ಟ್ರ ಕುರಿಕೊಬ್ಬು ಕೇಕಿನ ಮೇಲಿನ ಕೆನೆಯಂತೆ ನಿಂತೇ ಇತ್ತು. ಅವರಿಗೆ ನಲವತ್ತನಾಲ್ಕು, ನಿನಗೆ ಹದಿನೇಳು.

ಒಟ್ಟು ಮೇಷ್ಟ್ರಿಗೆ ಎಪ್ಪತ್ತೊಂಬತ್ತು, ಅಕ್ಕತಂಗಿಯರಿಗೆ ಎಪ್ಪತ್ತೊಂದು, ಔಷಧಿಯವನಿಗೆ ಅರವತ್ತನಾಲ್ಕು. ನಿನ್ನದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಬರೆಯಲೂ ಸಿದ್ಧ.

ಶೆಡ್ಡನ್ನು ಬಿಟ್ಟುಕೊಡಬೇಕಾಗಬಹುದು. ಕಡಾಯಿಗಳಿಗೆ ಯಾರಾದರೂ ಸಿಗುತ್ತಾರೆ. ಲೇಬಲ್ಲುಗಳನ್ನು ಏನು ಮಾಡುತ್ತೀಯೋ ತಿಳಿಯದು. ಹಿಂಬದಿ ಖಾಲಿ ಇದೆ, ಸಂತೆಯ ಚೀಟಿ ಬರೆಯಲು ಬಂದೀತು. ನನ್ನ ಮನಸ್ಸು ಸಮಾಧಾನವಾಗಿದೆ. ಬೆಳಿಗ್ಗೆ ಹಸಿವಾಗುತ್ತಿದೆ. ಮೂರು ವರ್ಷದಿಂದ ಆಗುತ್ತಿರಲಿಲ್ಲ.

ಇನ್ನೂ ಕಾನೂನಿನ ಪ್ರಕಾರ ನಿನ್ನ ಹೆಂಡತಿ,
ನಜ್ಜರೇನಾ

ಮರೆತ ಮಾತು: ಕ್ವಿಂತೊ ನಿನಗೆ ಹೇಳಿಯೇ ಹೇಳುತ್ತಾನೆ, ಆದ್ದರಿಂದ ನಾನೇ ಬರೆದುಬಿಡುತ್ತೇನೆ. ಬೇರೆ ಮೂರು ಕತೆಗಳು ಏಳು ನಿಮಿಷದಲ್ಲಿ ಮುಗಿದಿದ್ದವು. ಮೂರನೆಯವನಿಗೆ ಹೇಳಿದ್ದು ನಮ್ಮಿಬ್ಬರ ಕತೆ. ಹನ್ನೊಂದು ನಿಮಿಷ ಹಿಡಿಯಿತು. ಕ್ವಿಂತೊ ಖಾಲಿ ಲೋಟ ಹಿಡಿದು ಕೂತಿದ್ದ, ಎವಾಂದ್ರೊ “ಆಮೇಲೆ? ಆಮೇಲೇನಾಯ್ತು?” ಅನ್ನುತ್ತಿದ್ದ, ಒಬ್ಬರಿಗೂ ಗಡಿಯಾರದ ನೆನಪಾಗಲಿಲ್ಲ. ನಾನು ನೋಡಿದ್ದೆ. ಏಳನೆಯ ನಿಮಿಷದಲ್ಲಿ ನಿನ್ನ ನೊರೆ ನಿಂತೇ ಇತ್ತು, ಐವತ್ತಕ್ಕೆ ನಲವತ್ತೊಂಬತ್ತು ಅಂಕದ ನೊರೆ. ಆಗ ಕತ್ತಿ ಎತ್ತಿದ್ದರೆ ನಿನ್ನ ಒಟ್ಟು ಎಂಬತ್ತೊಂದಾಗುತ್ತಿತ್ತು. ಎತ್ತಲಿಲ್ಲ.

ಸಂಘದ ನಿಯಮದಲ್ಲಿ ಮರುಪರೀಕ್ಷೆಗೆ ಹದಿನೈದು ದಿನ ಅವಕಾಶವಿದೆ. ಅಲ್ಲಿಯವರೆಗೆ ಮೇಷ್ಟ್ರ ಆರ್ಡರಿಗೆ ರುಜು ಬೀಳುವುದಿಲ್ಲ. ಅದೇ ಅಂಗಡಿ, ಅದೇ ಕೈ, ಆದರೆ ಸೋಪು ಮಾಡಿದವನ ಸ್ವಂತ ಮುಖದ ಮೇಲೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕುರ್ಚಿ ಖಾಲಿ ಇದೆ. ಮೂರು ದಿನದ ಗಡ್ಡ ಬಿಟ್ಟುಕೊಂಡು ಬಾ. ಈ ಸಲ ಗಡಿಯಾರ ಕ್ವಿಂತೊ ಹಿಡಿಯುತ್ತಾನೆ, ಏಳೆಂದರೆ ಏಳೇ ನಿಮಿಷ. ತುಟಿಯ ಮೇಲೆ ನೊರೆ ಇರುವವನು ಬಾಯಿ ತೆರೆಯುವಂತಿಲ್ಲ, ಅದು ನಿನಗೂ ಗೊತ್ತು. ನಿನ್ನೆದುರಿಗೇ ಅದೇ ಕತೆಯನ್ನು ಏಳು ನಿಮಿಷಕ್ಕೆ ಕೂರಿಸಿ ಹೇಳುತ್ತೇನೆ.