ಚೊಂಬಿನ ಶ್ರುತಿ

ಕೃಷ್ಣರಾಜಪೇಟೆ,
೧೬-೧೧-೧೯೯೪

ಅವ್ವನಿಗೆ ನಮಸ್ಕಾರಗಳು.

ತಲೆ ತಗ್ಗಿಸಿ, ಕೈಕಟ್ಟಿ ನಿಂತು ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ದೀಪಾವಳಿಯಿಂದ ನೀನು ಹುಡುಕುತ್ತಿರುವ ಕಂಚಿನ ಚೊಂಬನ್ನು ಕದ್ದವನು ನಾನೇ. ಪಕ್ಕದ ಮನೆ ಬೆಟ್ಟಮ್ಮನೊಂದಿಗೆ ಇನ್ನು ಜಗಳ ಬೇಡ. ಚೊಂಬು ತಂದು ನಿನಗೇ ಚೊಂಬು ಕೊಟ್ಟಂತಾಯಿತು.

ಕಾಲೇಜಿನ ಹಾಡುವ ತಂಡಕ್ಕೆ ಈಗ ನಾನೇ ನಾಯಕ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಬರೀ ಗಂಟಲು. ನಾನು ಉಂಗುರದಿಂದ ಚೊಂಬಿನ ಅಂಚಿಗೆ ಒಮ್ಮೆ ಬಡಿದರೆ ಸಾಕು, ಆ ನಾದವನ್ನೇ ಶ್ರುತಿಯಾಗಿ ಹಿಡಿದು ಹನ್ನೊಂದು ಗಂಟಲು ತೆರೆದುಕೊಳ್ಳುತ್ತವೆ. ಹಾಸ್ಟೆಲಿನ ಯಾವ ಪಾತ್ರೆಯೂ ಹಾಗೆ ನುಡಿಯುವುದಿಲ್ಲ.

ನಾಗಮಂಗಲದ ಸ್ಪರ್ಧೆಯಲ್ಲಿ ಮಾತ್ರ, ನಮ್ಮ ತಂಡದ ದಿಲೀಪ ಬಾಯಾರಿತೆಂದು ಚೊಂಬಿಗೆ ನೀರು ತುಂಬಿಸಿಟ್ಟಿದ್ದ. ನಾನು ನೋಡದೆ ಬಡಿದೆ. ಶ್ರುತಿ ಬಾವಿಗಿಳಿಯಿತು, ಅದರ ಹಿಂದೆ ತಂಡವೂ ಇಳಿಯಿತು. “ಏನ್ಲಾ, ಇವ್ರು ಪದ ಏಳ್ತಾವ್ರಾ, ಇಲ್ಲ ಗೂಳಿಯಂಗೆ ಗುಟುರು ಆಕ್ತಾವ್ರಾ?” ಎಂದು ಹಿಂದಿನ ಸಾಲಿನವರೊಬ್ಬರು ವಿಚಾರಿಸಿದರು.

ಭಾನುವಾರ ತಂಗಿ ರಂಜಿತಳನ್ನು ನೋಡಲು ಬರುವವರಿಗೆ ಕಾಲು ತೊಳೆಯಲು ಆ ಚೊಂಬೇ ಬೇಕೆಂದು ನೀನು ಹೇಳಿದ್ದೆ. ದಯವಿಟ್ಟು ಸ್ಟೀಲಿನದರಲ್ಲಿ ಕೊಟ್ಟುಬಿಡು. ಅಂದೇ ಇಲ್ಲಿ ನಮ್ಮ ಈ ವರ್ಷದ ಕೊನೆಯ ಸ್ಪರ್ಧೆ.

ರಂಜಿತಾ, ಮುಂದಿನದನ್ನು ಅವ್ವನಿಗಷ್ಟೇ ಕೇಳುವಂತೆ ಓದು.

ಚೊಂಬು ಊರಿಗೆ ಬಂದರೆ ನನ್ನ ನಾಯಕತನವೂ ಅದೇ ಬಸ್ಸಿಗೆ ಬರುತ್ತದೆ. ಚೊಂಬು ನಮ್ಮ ಮನೆಯದೆಂದೇ ನನ್ನನ್ನು ನಾಯಕನನ್ನಾಗಿ ಇಟ್ಟುಕೊಂಡಿದ್ದಾರೆ. ಅದನ್ನು ಬಡಿದ ಮೇಲೆ ನಾನು ಬಾಯಿ ಮಾತ್ರ ಆಡಿಸಬೇಕು, ದನಿ ಹೊರಡಿಸಕೂಡದು ಎಂಬುದು ತಂಡದ ಒಮ್ಮತದ ತೀರ್ಮಾನ.

ಇಂತಿ ನಿನ್ನ ಮಗ,
ನಿಂಗರಾಜು