ಲೆಕ್ಕದ ಬಟ್ಟೆ

ಮಾರ್ಚ್ ೪, ಮಂಗಳವಾರ

ನಾಳೆ ಮಗಳಿಗೆ ಗಣಿತದ ಮರುಪರೀಕ್ಷೆ. ಭಿನ್ನರಾಶಿ ಕಳೆಯುವುದು ಇವಳ ತಲೆಗೇ ಹತ್ತುವುದಿಲ್ಲವೆಂದು ಟೀಚರು ಬರೆದು ಕಳಿಸಿದ್ದಾರೆ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಕೂತೆ.

"ಮುಕ್ಕಾಲು ಮೀಟರ್ ಬಟ್ಟೇಲಿ ಅರ್ಧ ಮೀಟರ್ ಕತ್ತರಿಸಿದ್ರೆ ಎಷ್ಟು ಉಳಿಯುತ್ತೆ?"

"ಕಾಲು ಮೀಟರಿಗಿಂತ ಒಂಚೂರು ಕಮ್ಮಿ."

"ಕಮ್ಮಿ ಯಾಕೇ?"

"ಹೊಲಿಗೆಗೆ ಅಂಚು ಬಿಟ್ಟು ಕತ್ತರಿಸ್ಬೇಕಲ್ವಾ? ನೀನೇ ಹೇಳ್ಕೊಟ್ಟಿದ್ದು!"

ಲೆಕ್ಕದ ಬಟ್ಟೆಯನ್ನು ಯಾರೂ ಹೊಲಿಯುವುದಿಲ್ಲ ಎಂದು ಗಂಟಲು ಹರಿದುಕೊಂಡೆ.

"ಮತ್ತೆ ಕತ್ತರಿಸಿದ್ಯಾಕೆ?" ಅಂದಳು.

ಸೋತು ಹಾಲಿನ ಲೆಕ್ಕ ಕೇಳಿದೆ. ಮುಕ್ಕಾಲು ಲೀಟರಿನಲ್ಲಿ ಮೂರನೇ ಒಂದು ಲೀಟರ್ ಕುಡಿದರೆ? ಹನ್ನೆರಡನೇ ಐದು ಲೀಟರ್ ಎಂದು ಥಟ್ಟನೆ ಬರೆದಳು!

ಇಪ್ಪತ್ತು ವರ್ಷದಿಂದ ಬಟ್ಟೆಯಿಂದಲೇ ಹೊಟ್ಟೆ ಹೊರೆಯುತ್ತಿರುವ ನಾನು ಈಗ ದೇವರಲ್ಲಿ ಬೇಡುತ್ತಿರುವುದು ಒಂದೇ: ನಾಳೆಯ ಪ್ರಶ್ನೆಪತ್ರಿಕೆಯಲ್ಲಿ ಬಟ್ಟೆ ಬಾರದಿರಲಿ. ರಿಬ್ಬನ್ ಬಂದರೂ ಕಷ್ಟವೇ, ಅದಕ್ಕೂ ಇವಳು ಅಂಚು ಮಡಚಿ...